ಆರು ಕಡೆ ಸಾಲ ಇದೆ, ಎಲ್ಲಾ ಸೇರಿಸಿ ಕಟ್ಟೋ ಹಾಗೆ ಒಪ್ಪಂದ ಮಾಡ್ಕೊಳ್ಳೋದು ಹೇಗೆ? ಗೊತ್ತಿರೋರು ಹೇಳಿ

ನಿದ್ದೆಗೆಟ್ಟವ:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ಉದ್ದ ಆಗುತ್ತೆ, ಕ್ಷಮಿಸಿ.

ನನಗೆ ಮೂರು ಕ್ರೆಡಿಟ್ ಕಾರ್ಡು, ಎರಡು ಪರ್ಸನಲ್ ಲೋನು, ಒಂದು ಮೊಬೈಲ್ ಆ್ಯಪ್ ಸಾಲ, ಒಟ್ಟು ಆರು ಕಡೆ ಇದೆ. ಶುರುವಾಗಿದ್ದು ಅಪ್ಪನ ಆಪರೇಷನ್ ಟೈಮಲ್ಲಿ, ಆಗ ಕೈಯಲ್ಲಿದ್ದಿದ್ದು ಒಂದೇ ಕಾರ್ಡು, ಅದನ್ನೇ ಉಜ್ಜಿದೆ. ಅದಾದ ಮೇಲೆ ಐದು ತಿಂಗಳು ಕೆಲಸ ಇರ್ಲಿಲ್ಲ, ಆ ಕಾರ್ಡಿನ ಮಿನಿಮಮ್ ಕಟ್ಟೋಕೆ ಇನ್ನೊಂದು ಕಾರ್ಡಿಂದ ಕ್ಯಾಶ್ ತೆಗೆದೆ, ಅದನ್ನ ತೀರಿಸೋಕೆ ಪರ್ಸನಲ್ ಲೋನ್ ತಗೊಂಡೆ, ಲೋನಿನ ಕಂತು ಬೌನ್ಸ್ ಆಗ್ಬಾರ್ದು ಅಂತ ಆ್ಯಪಲ್ಲಿ ತಗೊಂಡೆ, ಹೀಗೇ ಒಂದರ ಬಾಯಿ ಮುಚ್ಚೋಕೆ ಇನ್ನೊಂದರ ಬಾಯಿ ತೆಗೀತಾ ಬಂದೆ. ಈಗ ಕೆಲಸ ಸಿಕ್ಕಿ ಒಂದು ವರ್ಷ ಆಯ್ತು, ಸಂಬಳ ಸರಿಯಾಗಿ ಬರ್ತಿದೆ. ಆದ್ರೆ ಆರೂ ಕಂತು ಸೇರಿಸಿದ್ರೆ ಸಂಬಳದ ಮುಕ್ಕಾಲು ಭಾಗ ಹೋಗುತ್ತೆ, ಬಾಡಿಗೆ ಕೊಟ್ರೆ ಹತ್ತನೇ ತಾರೀಕಿಗೆ ಕೈ ಖಾಲಿ, ಮತ್ತೆ ಕಾರ್ಡು.

ಎರಡು ತಿಂಗಳಿಂದ ಎರಡು ಕಡೆ ಕಟ್ಟೋಕಾಗಿಲ್ಲ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಮಗುಚಿ ಇಡ್ತೀನಿ, ಟೇಬಲ್ ಮೇಲೆ ಅದು ಗುರ್ ಅಂತ ನಡುಗ್ತಾ ಇರುತ್ತೆ, ಹೆಂಡತಿ ಯಾರದ್ದು ಅಂತ ಕೇಳ್ತಾಳೆ, ಆಫೀಸಿಂದು ಅಂತೀನಿ. ಬಂದ ಕವರ್‌ಗಳನ್ನ ಒಡೆಯದೇ ಡ್ರಾಯರಲ್ಲಿ ಹಾಕಿಟ್ಟಿದೀನಿ. ಅವಳಿಗೆ ಎರಡು ಸಾಲದ ವಿಷಯ ಮಾತ್ರ ಗೊತ್ತು.

ಸಾಲ ಮುಳುಗಿಸೋ ಯೋಚನೆ ನನಗಿಲ್ಲ, ಕಟ್ಟಬೇಕು ಅಂತಾನೇ ಇರೋದು. ಎಲ್ಲರ ಹತ್ರನೂ ಮಾತಾಡಿ, ತಿಂಗಳಿಗೆ ಇಷ್ಟು ಅಂತ ಬರವಣಿಗೆಯಲ್ಲಿ ಒಪ್ಪಿಸಿ, ಬಡ್ಡಿ ಸ್ವಲ್ಪ ಇಳಿಸಿ, ಮೂರು ನಾಲ್ಕು ವರ್ಷದಲ್ಲಿ ತೀರಿಸೋ ದಾರಿ ಇದ್ಯಾ? ಯಾರ ಹತ್ರ ಹೋಗ್ಬೇಕು? ಒಂದು ಕಂಪನಿಯವ್ರು ಫೋನ್ ಮಾಡಿ "ಅರ್ಧಕ್ಕೆ ಸೆಟಲ್ ಮಾಡಿಸ್ತೀವಿ, ಮೊದ್ಲು ನಮ್ಮ ಫೀಸ್ ಕಟ್ಟಿ, ಬ್ಯಾಂಕಿಗೆ ಕಟ್ಟೋದು ಇವತ್ತೇ ನಿಲ್ಸಿ" ಅಂತಿದಾರೆ, ಅದನ್ನ ನಂಬಬಹುದಾ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಅನ್ನೋದು ನನಗೂ ಗೊತ್ತಾಗಿದೆ, ಮುಂದೇನು ಅಂತ ಹೇಳಿ ದಯವಿಟ್ಟು.

ಸುಮಾ_ಎಚ್:

ಅಣ್ಣ, ಮೊದಲು ಆ ಡ್ರಾಯರ್ ತೆಗೀರಿ. ಇವತ್ತೇ. ನಾನೂ ಹಂಗೇ ಇಟ್ಕೊಂಡಿದ್ದೆ, ನಂದು ಬಟ್ಟೆ ಬೀರುವಿನ ಮೇಲಿನ ಖಾನೆ, ಅದಕ್ಕೇ ಹೇಳ್ತಿದೀನಿ. ಒಡೆಯದ ಕವರ್ ಮನಸ್ಸಲ್ಲಿ ದಿನಾ ದೊಡ್ಡದಾಗ್ತಾ ಹೋಗುತ್ತೆ, ಒಡೆದ ಮೇಲೆ ಅದು ಒಂದು ನಂಬರ್ ಅಷ್ಟೇ.

ನಾನು ಒಂದು ನೋಟ್‌ಬುಕ್ಕಲ್ಲಿ ಗೆರೆ ಎಳ್ದು ಬರ್ಕೊಂಡೆ, ಯಾರಿಗೆ, ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು ಪರ್ಸೆಂಟು, ಎಷ್ಟು ತಿಂಗಳಿಂದ ಬಾಕಿ, ಜಾಮೀನು ಯಾರಾದ್ರೂ ಹಾಕಿದಾರಾ, ಏನಾದ್ರೂ ಅಡ ಇಟ್ಟಿದ್ಯಾ. ಬರ್ದು ಮುಗಿಸಿದಾಗ ಬೆಳಗಿನ ಜಾವ, ಒಟ್ಟು ನೋಡಿ ಅತ್ತುಬಿಟ್ಟೆ, ಆದ್ರೆ ಅವತ್ತೇ ತುಂಬಾ ದಿನದ ಮೇಲೆ ನಿದ್ದೆ ಬಂತು.

ಇನ್ನೊಂದು ಮಾತು, ಇದು ನಾನು ಪೆಟ್ಟು ತಿಂದು ಕಲಿತಿದ್ದು. ಮೊದಲ ಸಲ ನಾನೇ ಬ್ಯಾಂಕಿಗೆ ಹೋಗಿ ಮಾತಾಡ್ದಾಗ ಅವ್ರು ಕೇಳಿದ್ದಕ್ಕೆಲ್ಲಾ ಹೂಂ ಅಂದ್ಬಿಟ್ಟೆ. ಎದುರಿಗೆ ಕೂತಾಗ ನಾಚಿಕೆ, ಅಲ್ಲಿಂದ ಎದ್ದು ಬಂದ್ರೆ ಸಾಕು ಅನ್ಸುತ್ತೆ, ಅದಕ್ಕೆ ಆಗದೇ ಇರೋ ಕಂತಿಗೆ ಸೈನ್ ಹಾಕಿದೆ. ಮೂರು ತಿಂಗಳು ಕಟ್ಟಿದೆ, ನಾಲ್ಕನೇ ತಿಂಗಳು ಮಗಳ ಸ್ಕೂಲ್ ಫೀಸ್ ಬಂತು, ಒಪ್ಪಂದ ಮುರೀತು. ಎರಡನೇ ಸಲ ಹೋದಾಗ ಅವ್ರ ಮುಖ ಮೊದಲಿನ ಹಾಗೆ ಇರ್ಲಿಲ್ಲ. ಬಡ್ಡಿ ಕಡಿಮೆ ಮಾಡ್ತೀವಿ ಅಂದಿದ್ದೂ ಹೋಯ್ತು. ಅದಕ್ಕೇ ಹೇಳೋದು, ಮೊದಲು ಮನೆ ಖರ್ಚು ತೆಗೀರಿ, ಬಾಡಿಗೆ, ಊಟ, ಔಷಧಿ, ಮಕ್ಕಳದ್ದು, ಬಸ್ಸಿಂದು, ವರ್ಷಕ್ಕೊಂದ್ಸಲ ಬರೋ ಖರ್ಚನ್ನ ಹನ್ನೆರಡರಿಂದ ಭಾಗ ಮಾಡಿ ಅದನ್ನೂ ಸೇರ್ಸಿ. ಉಳಿದಿದ್ದು ಎಷ್ಟೋ ಅಷ್ಟನ್ನೇ ಆರೂ ಜನಕ್ಕೆ ಹಂಚೋದು. ಕಡಿಮೆ ಅನ್ಸಿದ್ರೂ ಪರ್ವಾಗಿಲ್ಲ, ಅದು ನಿಜವಾದ ನಂಬರ್.

ಹೆಂಡತಿಗೆ ಹೇಳಿ. ಮನೆ ಖರ್ಚಿನ ಲೆಕ್ಕ ಅವ್ರಿಲ್ಲದೇ ಸರಿ ಬರಲ್ಲ, ಅದಕ್ಕಾದ್ರೂ ಹೇಳ್ಲೇಬೇಕು.

ಹಳೇ_ಗುಮಾಸ್ತ:

ನಾನು ಸಾಲ ವಸೂಲಿ ವಿಭಾಗದಲ್ಲಿ ತುಂಬಾ ವರ್ಷ ಕೆಲಸ ಮಾಡಿ ರಿಟೈರ್ ಆದವನು. ಆ ಕಡೆಯಿಂದ ಕೂತು ನೋಡಿದ್ದನ್ನ ಹೇಳ್ತೀನಿ, ತಮ್ಮನ ತರ ತಿಳ್ಕೊಂಡು.

ಸುಮಾ ಅವ್ರು ಹೇಳಿದ್ದು ಅಕ್ಷರಶಃ ಸರಿ. ನಮ್ಮ ಮುಂದೆ ಬರೋರಲ್ಲಿ ಕಷ್ಟ ಹೇಳ್ಕೊಂಡು ಅಳೋರು ಬೇಕಾದಷ್ಟು ಜನ, ಆದಾಯ ಖರ್ಚಿನ ಪಟ್ಟಿ ಕೈಯಲ್ಲಿ ಹಿಡ್ಕೊಂಡು ಬರೋರು ತುಂಬಾ ಕಮ್ಮಿ. ಪಟ್ಟಿ ಇದ್ದವರ ಫೈಲ್ ಮೇಲಕ್ಕೆ ಕಳಿಸೋಕೆ ನಮಗೂ ಸುಲಭ ಆಗ್ತಿತ್ತು, ಯಾಕಂದ್ರೆ ಮೇಲಿನವರು ಕೇಳೋ ಮೊದಲನೇ ಪ್ರಶ್ನೆನೇ "ಇವ್ನು ಕಟ್ತಾನೆ ಅನ್ನೋಕೆ ಏನು ಆಧಾರ" ಅಂತ.

ಬಡ್ಡಿ ಯಾಕೆ ಇಳಿಸ್ಕೊಳ್ಳಲೇಬೇಕು ಅಂತ ಲೆಕ್ಕದಲ್ಲಿ ನೋಡಿ. ಕಾರ್ಡಲ್ಲಿ ತಿಂಗಳಿಗೆ 3 ಪರ್ಸೆಂಟ್ ಅಂದ್ರೆ ವರ್ಷಕ್ಕೆ 36 ಅಂತ ಅನ್ಕೋತೀವಿ, ಬಡ್ಡಿ ಮೇಲೆ ಬಡ್ಡಿ ಸೇರಿದ್ರೆ ಸುಮಾರು 42.6 ಆಗುತ್ತೆ. ಬಾಕಿ 100 ಇದೆ ಅಂತ ಇಟ್ಕೊಳ್ಳಿ, ತಿಂಗಳಿಗೆ 4 ಕಟ್ತಾ ಹೋಗ್ತೀರಿ, ಮೊದಲನೇ ತಿಂಗಳು ಅದ್ರಲ್ಲಿ 3 ಬಡ್ಡಿಗೇ ಹೋಯ್ತು, ಅಸಲಿಗೆ ಸೇರಿದ್ದು 1. ಹೀಗೆ ತೀರೋಕೆ 47 ತಿಂಗಳು ಬೇಕು, ಕಟ್ಟಿದ್ದು ಒಟ್ಟು 188 ಹತ್ರ. ಅದೇ 4 ಕಟ್ಟಿ, ಬಡ್ಡಿ ತಿಂಗಳಿಗೆ 1 ಪರ್ಸೆಂಟಿಗೆ ಇಳಿದ್ರೆ 29 ತಿಂಗಳಲ್ಲಿ ಮುಗಿಯುತ್ತೆ, ಒಟ್ಟು 116 ಹತ್ರ. ಬಡ್ಡಿ ಪೂರ್ತಿ ನಿಲ್ಸಿದ್ರೆ 25 ತಿಂಗಳು. ನಿಮ್ಮ ಜೇಬಿಂದ ತಿಂಗಳಿಗೆ ಹೋಗೋದು ಅಷ್ಟೇನೇ. ಅದಕ್ಕೇ ಕಂತು ಕಮ್ಮಿ ಮಾಡಿ ಅಂತ ಮಾತ್ರ ಕೇಳ್ಬೇಡಿ. ಬಡ್ಡಿ ಹಾಗೇ ಇಟ್ಟು ಕಂತು ಮಾತ್ರ ಇಳಿಸಿದ್ರೆ ವರ್ಷ ಎಳೆಯುತ್ತೆ, ಸಾಲ ಕರಗಲ್ಲ. ಕಾರ್ಡಿಂದ ಕ್ಯಾಶ್ ತೆಗೆದಿದ್ದೀನಿ ಅಂದ್ರಲ್ಲ, ಅದಕ್ಕೆ ಸಾಮಾನ್ಯವಾಗಿ ತೆಗೆದ ದಿನದಿಂದ್ಲೇ ಬಡ್ಡಿ, ಸಾಮಾನು ಕೊಂಡಾಗ ಸಿಗೋ ಬಡ್ಡಿ ಇಲ್ಲದ ದಿನಗಳು ಅದಕ್ಕಿಲ್ಲ. ಅದನ್ನ ಬೇರೆ ಬಾಕಿಯಾಗಿ ತೋರಿಸೋಕೆ ಹೇಳಿ.

ಸಂಬಳದ ಖಾತೆ ಸಾಲ ಇರೋ ಬ್ಯಾಂಕಲ್ಲೇ ಇದ್ಯಾ ನೋಡ್ಕೊಳ್ಳಿ. ಬಾಕಿ ಬಿದ್ರೆ ಅದೇ ಬ್ಯಾಂಕಲ್ಲಿರೋ ನಿಮ್ಮ ದುಡ್ಡನ್ನ ಸಾಲಕ್ಕೆ ಹೊಂದಿಸ್ಕೊಳ್ಳೋ ಹಕ್ಕು ಬ್ಯಾಂಕಿಗೆ ಸಾಮಾನ್ಯವಾಗಿ ಇರುತ್ತೆ, ಒಂದನೇ ತಾರೀಕು ಸಂಬಳ ಬಂದು ಸಂಜೆಗೆ ಖಾತೆ ಖಾಲಿ ಆದವರನ್ನ ನಾನು ನೋಡಿದೀನಿ.

ಆ ಅರ್ಧಕ್ಕೆ ಸೆಟಲ್ ಕಂಪನಿ ಬೇಡ. ಫೀಸ್ ಮುಂಚೆ ಕೇಳಿ, ಕಟ್ಟೋದು ನಿಲ್ಸಿ ಅಂತ ಹೇಳೋರ ಲಾಭ ಎಲ್ಲಿದೆ ನೋಡಿ. ನೀವು ನಿಲ್ಸಿದ ದಿನದಿಂದ ಬಡ್ಡಿ, ದಂಡ, ನೋಟಿಸು ಎಲ್ಲಾ ನಿಮ್ಮ ಹೆಸರಿಗೆ ಬೆಳೆಯುತ್ತೆ, ಬ್ಯಾಂಕು ಅವರ ಮಾತು ಕೇಳ್ಲೇಬೇಕು ಅಂತ ಏನೂ ಇಲ್ಲ. ಸೆಟಲ್‌ಮೆಂಟ್ ಬೇರೆ, ಪೂರ್ತಿ ಕಟ್ಟೋ ಒಪ್ಪಂದ ಬೇರೆ. ಕಮ್ಮಿ ಕಟ್ಟಿ ಮುಗಿಸಿದ್ರೆ ಕ್ರೆಡಿಟ್ ರಿಪೋರ್ಟಲ್ಲಿ "ಸೆಟಲ್ಡ್" ಅಂತ ಬೀಳುತ್ತೆ, ಪೂರ್ತಿ ಕಟ್ಟಿದ್ರೆ "ಕ್ಲೋಸ್ಡ್". ಕೈಯಲ್ಲಿ ಒಂದೇ ಸಲಕ್ಕೆ ದುಡ್ಡಿದ್ದು, ಬೇರೆ ದಾರಿ ಇಲ್ಲದೇ ಇದ್ರೆ ಸೆಟಲ್‌ಮೆಂಟ್ ತಪ್ಪಲ್ಲ. ನಿಮಗೆ ಸಂಬಳ ಬರ್ತಿದೆ, ಕಟ್ಟೋ ಮನಸ್ಸೂ ಇದೆ, ನಿಮಗೆ ಅದು ಬೇಡ.

ಫೋನಲ್ಲಿ ಆದ ಮಾತು ಮಾತಲ್ಲ. ಎಷ್ಟು ಕಂತು, ಯಾವ ತಾರೀಕು, ಬಡ್ಡಿ ಎಷ್ಟು, ದಂಡ ನಿಲ್ಲುತ್ತಾ, ಒಂದು ಕಂತು ತಪ್ಪಿದ್ರೆ ಏನು, ಇಷ್ಟೂ ಬ್ಯಾಂಕಿನ ಪತ್ರದಲ್ಲಿ ಇಲ್ಲಾ ಇಮೇಲಲ್ಲಿ ಬಂದ ಮೇಲೇ ಮೊದಲನೇ ಕಂತು. ಏಜೆಂಟ್ ಕೈಗೆ ಕ್ಯಾಶ್ ಕೊಡಲೇಬೇಡಿ.

ದೂರದೇಶಿ:

ನೀವು ಯಾವ ದೇಶದಲ್ಲಿದ್ದೀರಿ ಅಂತ ಬರ್ದಿಲ್ಲ, ಇದ್ರಲ್ಲಿ ಅದೇ ದೊಡ್ಡ ವಿಷಯ. ನಾನು ಇಂಗ್ಲೆಂಡಲ್ಲಿ ಇದ್ದಾಗ ನನ್ನ ರೂಮ್‌ಮೇಟಿಗೆ ಇದೇ ಪರಿಸ್ಥಿತಿ ಬಂತು. ಅಲ್ಲಿ ಫೀಸ್ ತಗೊಳ್ದೇ ಸಾಲದ ಸಲಹೆ ಕೊಡೋ ಸಂಸ್ಥೆಗಳಿವೆ, ಅವ್ರೇ ಲೆಕ್ಕ ಹಾಕಿ ಸಾಲ ಕೊಟ್ಟವರಿಗೆಲ್ಲಾ ಹಂಚೋ ಹಾಗೆ ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್ ಮಾಡಿಸ್ತಾರೆ. 2021ರ ಮೇ ತಿಂಗಳಿಂದ ಬ್ರೀದಿಂಗ್ ಸ್ಪೇಸ್ ಅಂತ ಬಂದಿದೆ, 60 ದಿನ ಹೆಚ್ಚಿನ ಸಾಲಗಳಿಗೆ ಬಡ್ಡಿ, ಫೋನ್, ನೋಟಿಸು ಎಲ್ಲಾ ನಿಲ್ಲುತ್ತೆ, ಅಷ್ಟರಲ್ಲಿ ದಾರಿ ಹುಡುಕ್ಕೋಬೇಕು. ಅದಕ್ಕಿಂತ ಗಟ್ಟಿ ಅಂದ್ರೆ ಐವಿಎ (ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್), ಇದು ಕಾನೂನಿನ ಒಪ್ಪಂದ, ಸಾಲ ಕೊಟ್ಟವರಲ್ಲಿ ಮತ ಹಾಕೋರ ಪೈಕಿ ಸಾಲದ ಮೊತ್ತದ ಲೆಕ್ಕದಲ್ಲಿ 75 ಪರ್ಸೆಂಟ್ ಒಪ್ಪಿದ್ರೆ ಉಳಿದವರೂ ಬದ್ಧ, ಸಾಮಾನ್ಯವಾಗಿ 5ರಿಂದ 6 ವರ್ಷ. ಆದ್ರೆ ಹೆಸರು ಪಬ್ಲಿಕ್ ರಿಜಿಸ್ಟರಲ್ಲಿ ಬರುತ್ತೆ. ಅಮೆರಿಕದಲ್ಲಿ ಚಾಪ್ಟರ್ 13 ಅಂತ ಕೋರ್ಟ್ ಮೂಲಕ 3ರಿಂದ 5 ವರ್ಷದ ಕಂತಿನ ಪ್ಲಾನ್ ಇದೆ, ಕೋರ್ಟ್ ಬೇಡ ಅಂದ್ರೆ ಲಾಭಕ್ಕಲ್ಲದ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗಳಿವೆ.

ಭಾರತದಲ್ಲಿದ್ರೆ, 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ, ಆದ್ರೆ ಅದು 2019ರ ಡಿಸೆಂಬರಲ್ಲಿ ಜಾರಿಯಾಗಿದ್ದು ಕಂಪನಿ ಸಾಲಕ್ಕೆ ಜಾಮೀನು ಹಾಕಿದವರಿಗೆ ಮಾತ್ರ. ನಮ್ಮಂಥ ಸಂಬಳದವರಿಗೆ ಉಳಿದಿರೋದು ಒಂದೊಂದೇ ಬ್ಯಾಂಕಿನ ಹತ್ರ ಮಾತಾಡೋದು, ಇಲ್ಲಾ ಲೋಕ ಅದಾಲತ್. ಕೇಸ್ ಹಾಕೋಕೆ ಮುಂಚೇನೂ ಅಲ್ಲಿ ರಾಜಿ ಮಾಡ್ಕೋಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟ್ ಡಿಕ್ರಿಯಷ್ಟೇ, ಅಂದ್ರೆ ತೀರ್ಪಿನಷ್ಟೇ ಬೆಲೆ, ಅಪೀಲ್ ಇಲ್ಲ. ಅಂದ್ರೆ ನಿಮಗೆ ರಕ್ಷಣೆನೂ ಹೌದು, ನೀವು ತಪ್ಪಿದ್ರೆ ಅವ್ರು ನೇರ ವಸೂಲಿಗೆ ಹೋಗೋ ದಾರಿನೂ ಹೌದು, ಸುಮಾ ಅವ್ರು ಹೇಳಿದ ಮಾತು ಅಲ್ಲಂತೂ ಇನ್ನೂ ಮುಖ್ಯ. ಫೋನ್ ಕಾಟಕ್ಕೆ: ಬೆಳಿಗ್ಗೆ 8ಕ್ಕೆ ಮುಂಚೆ, ರಾತ್ರಿ 7ರ ಮೇಲೆ ಬಾಕಿ ವಸೂಲಿಗೆ ಫೋನ್ ಮಾಡ್ಬಾರ್ದು ಅಂತ ಆರ್‌ಬಿಐ 2022ರ ಆಗಸ್ಟಲ್ಲಿ ಸುತ್ತೋಲೆ ಹೊರಡಿಸಿದೆ, ನೆಂಟರಿಷ್ಟರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯೋದೂ ತಪ್ಪು ಅಂತ ಅದ್ರಲ್ಲೇ ಇದೆ. ಮೊದಲು ಬ್ಯಾಂಕಿಗೇ ಲಿಖಿತ ದೂರು, 30 ದಿನದಲ್ಲಿ ಉತ್ತರ ಬರ್ಲಿಲ್ಲಾಂದ್ರೆ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಅದಕ್ಕೆ ಫೀಸ್ ಇಲ್ಲ.

ನಿದ್ದೆಗೆಟ್ಟವ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಾನಿರೋದು ಭಾರತದಲ್ಲೇ. ಹತ್ತು ದಿನ ಆದ್ಮೇಲೆ ಬರೀತಿದೀನಿ, ಅಲ್ಲಿವರೆಗೂ ಬರೆಯೋಕೆ ಏನೂ ಮಾಡಿರ್ಲಿಲ್ಲ.

ಭಾನುವಾರ ಮಗು ಮಲಗಿದ ಮೇಲೆ ಹೆಂಡತಿಗೆ ಹೇಳ್ದೆ. ಬೈತಾಳೆ ಅನ್ಕೊಂಡಿದ್ದೆ. ಅವಳು ಸುಮ್ನೆ ಎದ್ದು ಹೋಗಿ ಕತ್ತರಿ ತಂದ್ಲು, ಇಬ್ರೂ ನೆಲದ ಮೇಲೆ ಕೂತು ಕವರ್ ಒಂದೊಂದೇ ಕತ್ತರಿಸಿದ್ವಿ, 23 ಇತ್ತು. ಅವಳು ತಾರೀಕಿನ ಪ್ರಕಾರ ಜೋಡಿಸ್ತಾ ಹೋದ್ಲು, ನಾನು ಬರ್ಕೊಂಡೆ. ಏಳನೇ ಸಾಲ ಒಂದು ಬೇರೆ ಇದೆಯೇನೋ ಅಂತ ಎರಡು ತಿಂಗಳಿಂದ ಹೆದರ್ತಿದ್ದೆ, ಯಾವುದೋ ಹೊಸ ಕಂಪನಿ ಹೆಸರಲ್ಲಿ ಫೋನ್ ಬರ್ತಿತ್ತು. ನೋಡಿದ್ರೆ ಅದು ನನ್ನ ಹಳೇ ಪರ್ಸನಲ್ ಲೋನೇ, ವಸೂಲಿಗೆ ಇನ್ನೊಬ್ಬರಿಗೆ ಕೊಟ್ಟಿದಾರೆ, ಲೋನ್ ನಂಬರ್ ಒಂದೇ. ಎಲ್ಲಾ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ, "ಇಷ್ಟು ದಿನ ಒಬ್ರೇ ಹೆಂಗ್ ಇಟ್ಕೊಂಡಿದ್ರಿ" ಅಂತ.

ಸಂಬಳದ ಖಾತೆ ಬದಲಾಯಿಸೋಕೆ ಆಫೀಸಲ್ಲಿ ಫಾರ್ಮ್ ಕೊಟ್ಟಾಯ್ತು. ಮನೆ ಖರ್ಚು ತೆಗೆದು ಉಳಿಯೋದು ಸಂಬಳದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಆರೂ ಕಡೆಗೆ ಬಾಕಿ ಎಷ್ಟಿದ್ಯೋ ಅದೇ ಪ್ರಮಾಣದಲ್ಲಿ ಹಂಚಿ, ಪಟ್ಟಿ ಲಗತ್ತಿಸಿ ಇಮೇಲ್ ಕಳ್ಸಿದೀನಿ. ಎರಡು ಕಡೆಯಿಂದ ಉತ್ತರ ಬಂದಿದೆ, ಒಂದು ಕಾರ್ಡಿನವ್ರು ಬಡ್ಡಿ ಇಳಿಸಿ ಕಂತು ಮಾಡಿಕೊಡ್ತೀವಿ, ಕಾರ್ಡ್ ಬ್ಲಾಕ್ ಮಾಡ್ತೀವಿ ಅಂದಿದಾರೆ, ಖುಷಿಯಾಗೇ ಒಪ್ಕೊಂಡೆ. ಆ್ಯಪಿನವ್ರು ಮಾತ್ರ ಪೂರ್ತಿ ಈಗ್ಲೇ ಕಟ್ಟು ಅಂತಿದಾರೆ. ಬೇರೆಯವರಿಗೆ ಕೊಡೋದನ್ನ ಕಮ್ಮಿ ಮಾಡಿ ಇವ್ರದ್ದು ಮೊದಲು ಮುಗಿಸಿಬಿಡ್ಲಾ? ಇವ್ರ ಫೋನೇ ಜಾಸ್ತಿ.

ಹಳೇ_ಗುಮಾಸ್ತ:

ಮಾಡ್ಬೇಡಿ. ಜೋರಾಗಿ ಕಿರಿಚೋರಿಗೆ ಮೊದಲು ಕೊಟ್ರೆ ಉಳಿದ ಐದೂ ಒಪ್ಪಂದ ಮುರಿಯುತ್ತೆ. ಅವ್ರ ಪಾಲು ಎಷ್ಟು ಬರುತ್ತೋ ಅಷ್ಟನ್ನ ಒಪ್ಪಂದ ಆಗ್ದೇ ಇದ್ರೂ ತಿಂಗಳು ತಿಂಗಳು ಅದೇ ತಾರೀಕಿಗೆ ಲೋನ್ ಖಾತೆಗೇ ಕಟ್ತಾ ಹೋಗಿ, ರಸೀದಿ ಇಟ್ಕೊಳ್ಳಿ. ಮೂರು ನಾಲ್ಕು ಕಂತು ತಪ್ಪದೇ ಬಂದಿದ್ದು ನೋಡಿದ ಮೇಲೆ ಅವ್ರೇ ಮಾತಿಗೆ ಬರೋದನ್ನ ನಾನು ಎಷ್ಟೋ ಸಲ ನೋಡಿದೀನಿ. ಆ ಆ್ಯಪ್ ಹಿಂದೆ ಇರೋ ಬ್ಯಾಂಕು ಇಲ್ಲಾ ಫೈನಾನ್ಸ್ ಕಂಪನಿ ಯಾವುದು ಅಂತ ಲೋನ್ ಕಾಗದದಲ್ಲಿ ಇರುತ್ತೆ, ಮುಂದಿನ ಇಮೇಲ್ ಅವ್ರಿಗೇ ಕಳ್ಸಿ.

ಸುಮಾ_ಎಚ್:

ಒಪ್ಪಿದ ಕಾರ್ಡಿನವ್ರ ಪತ್ರ ಪ್ರಿಂಟ್ ತೆಗೆದು ಅದೇ ನೋಟ್‌ಬುಕ್ಕಿಗೆ ಅಂಟಿಸಿ ಅಣ್ಣ, ಉಳಿದ ನಾಲ್ಕು ಕಡೆಗೆ ಹೋಗುವಾಗ ಅದನ್ನ ತೋರಿಸಬಹುದು. ಅತ್ತಿಗೆನೂ ಜೊತೆಗೆ ಕರ್ಕೊಂಡು ಹೋಗಿ. ಮೂರು ತಿಂಗಳಾದ ಮೇಲೆ ಇಲ್ಲೇ ಬಂದು ಬರೀರಿ, ನಾವು ನೋಡ್ತಾ ಇರ್ತೀವಿ.