ಸಿಗಡಿ ತತ್ತಿ ಬಿಡಿಸಿ ಮರಿ ಮಾಡಬಹುದೇನ್ರಿ?

ಪ್ರಶ್ನೆ (ಹಾನಗಲ್ಲ ರೈತ): ನಮಸ್ಕಾರ್ರಿ ಸರ್. ಕೃಷಿ ಹೊಂಡದಾಗ ಕಾಟ್ಲಾ ಮೀನಿನ ಜೋಡಿ ಸಿಹಿನೀರಿನ ಸಿಗಡಿ ಬಿಟ್ಟೀನಿ. ಮೊನ್ನೆ ಬಲಿ ಎಳದಾಗ ನಾಕು ಹೆಣ್ಣಿನ ಹೊಟ್ಟಿ ಕೆಳಗ ಕಿತ್ತಳಿ ಬಣ್ಣದ ತತ್ತಿ ಇದ್ವು. ಹೊರದೇಶದಾಗ ಕ್ರೇಫಿಶ್ (ಸಿಗಡಿಯಂಥದ್ದೇ ಸಿಹಿನೀರಿನ ಜೀವಿ) ತತ್ತಿ ಬಿಡಿಸಿ, ನೀರು ಹರಿಯೋ ಜಾಡಿಯೊಳಗ ಮರಿ ಮಾಡೋ ವಿಡಿಯೋ ನೋಡೀನಿ. ನಾನೂ ಹಂಗ ಮಾಡ್ಲೇನ್ರಿ? ಮರಿ ಕೊಳ್ಳೋ ರೊಕ್ಕ ಉಳೀತದ.

ಉತ್ತರ (ಮರಿ ಉತ್ಪಾದನೆ ಕೆಲಸದವ, ಹುಬ್ಬಳ್ಳಿ): ಬ್ಯಾಡ್ರಿ. ಎರಡೂ ನೋಡಾಕ ಅಣ್ಣತಮ್ಮ, ಹುಟ್ಟೋ ರೀತಿ ಬ್ಯಾರೆ. ಕ್ರೇಫಿಶ್ ತತ್ತಿ ಒಡದ್ರ ತಾಯಿಯಂಥದ್ದೇ ಪುಟ್ಟ ಮರಿ, ಸಿಹಿನೀರಾಗೇ ಬೆಳೀತದ. ಆ ಹೊರದೇಶದವರೂ ತತ್ತಿಯೊಳಗ ಕಣ್ಣಿನ ಚುಕ್ಕಿ ಕಂಡ ಮ್ಯಾಲೇ ಬಿಡಸ್ತಾರ. ಸತ್ತದ್ದನ್ನ ದಿನಾ ಆರಿಸಿ ತೆಗೀಬೇಕು, ಇಲ್ಲಂದ್ರ ಬೂಷ್ಟು ಪಕ್ಕದ ತತ್ತಿಗೂ ಹತ್ತತದ.

ನಿಮ್ಮ ಸಿಗಡಿ ತತ್ತಿಯಿಂದ ಬರೋದು ಲಾರ್ವಾ, ಅಂದ್ರ ಇನ್ನೂ ತಾಯಿ ರೂಪ ಬರದ ಎಳೀ ಜೀವ. ಅದಕ್ಕ ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿನಂಶದ ಸವಳು ನೀರು ಬೇಕು. ಸಿಹಿನೀರಾಗ ನಾಕೈದು ದಿನಕ್ಕ ಮುಗೀತು. ಕೇರಳದ ವೇಂಬನಾಡಿನಾಗ ತತ್ತಿ ಹೊತ್ತ ತಾಯಿ ತಾನಾಗೇ ಉಪ್ಪುನೀರಿನ ಕಡೆ ಇಳೀತದ, ಇದಕ್ಕೇ. 11 ಹಂತ ದಾಟಿ ಮರಿ ಆಗೋತನಕ ಆರ್ಟೀಮಿಯಾದಂಥ (ಉಪ್ಪುನೀರಿನ ಸಣ್ಣ ಜೀವಿ) ಜೀವಂತ ಮೇವು ಹಾಕಬೇಕು. ಆ ಸವಳು ನೀರು ಮಾಡಾಕ ಸಮುದ್ರದ ನೀರು ಹಾನಗಲ್ಲಿಗೆ ತರಿಸಿದ್ರ ಉಳಿಸಿದ ರೊಕ್ಕ ಟ್ಯಾಂಕರಿಗೇ ಹೋಗ್ತದ.

ತತ್ತಿ ಕಾಯೋ ಕೆಲಸ ತಾಯಿಗೇ ಬಿಡ್ರಿ. ಹೊಟ್ಟಿಕಾಲಿಂದ ನೀರು ಬೀಸಿ, ಕೆಟ್ಟ ತತ್ತಿ ಕಿತ್ತು ಹಾಕ್ತದ. 28 ಡಿಗ್ರಿ ನೀರಾಗ ಸುಮಾರು 20 ದಿನ. ಕಿತ್ತಳಿ ಹೋಗಿ ಕಂದು, ಆಮ್ಯಾಲೆ ಬೂದಿ ಬಣ್ಣ. ಬೂದಿ ಆತಂದ್ರ ಎರಡ್ಮೂರು ದಿನದಾಗ, ಬಹಳ ಮಾಡಿ ರಾತ್ರಿ, ಒಡೀತಾವ.

ನರಗುಂದದಿಂದ ಒಬ್ಬರು: ನಮ್ಮ ಬೋರ್ ನೀರು ಸವಳೇ ಅದರೀ. ನಡೀತದೇನು?

ಉತ್ತರ: ನಾಲಿಗಿಗೆ ಉಪ್ಪು ಹತ್ತಿದ್ರ ಸಮುದ್ರ ಆಗೂದಿಲ್ರಿ. ಸಮುದ್ರದಾಗ ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲಾ ಒಂದು ಲೆಕ್ಕದಾಗ ಇರ್ತಾವ. ಬೋರ್ ನೀರಿಗೆ ಆ ಲೆಕ್ಕ ಇಲ್ಲ, ಪೊಟ್ಯಾಸಿಯಂ ಅಂತೂ ಸಾಮಾನ್ಯವಾಗಿ ಕಡಿಮಿ. ಮ್ಯಾಲಾಗಿ ನೀರು ಬಹಳ ಗಡಸಿದ್ದರ ದೊಡ್ಡ ಸಿಗಡಿನೂ ಬೆಳೆಯೋದು ಕುಂಟತದ. ಮೊದಲು ನೀರು ಪರೀಕ್ಷಿ ಮಾಡಸ್ರಿ.

ಹಾನಗಲ್ಲ ರೈತ: ಹಂಗಾದ್ರ ಆ ನಾಕು ತತ್ತಿ ಹೊತ್ತ ಹೆಣ್ಣನ್ನ ಹ್ಯಾಚರಿಯವರಿಗೆ (ಮರಿ ಮಾಡೋ ಕೇಂದ್ರದವರಿಗೆ) ಕೊಡ್ಲೇನ್ರಿ?

ಉತ್ತರ: ಕೇಳಿ ನೋಡ್ರಿ. ಬೂದಿ ಬಣ್ಣಕ್ಕ ತಿರುಗಿದ್ದನ್ನ ಮೆತ್ತನ್ನ ಬಲಿಯೊಳಗ, ನೀರಿನ ಸಮೇತ ಎತ್ರಿ. ಒದ್ದಾಡಿದ್ರ ತತ್ತಿ ಉದುರ್ತಾವ. ಮೂತಿ ಮುಳ್ಳಿಗೆ ಸಣ್ಣ ಪ್ಲಾಸ್ಟಿಕ್ ನಳಿಗಿ ತುರುಕಿದ್ರ ಒಯ್ಯೋ ಚೀಲ ಹರಿಯೂದಿಲ್ಲ. ತಾಯಿ ಗ್ರಾಂ ತೂಕಕ್ಕ ಸುಮಾರು 1,000 ಲಾರ್ವಾ ಅಂತ ಅಂದಾಜು ಹಿಡೀತೀವಿ. ನಿಮ್ಮವು ಎಷ್ಟು ತೂಗ್ತಾವ?

ಹಾನಗಲ್ಲ ರೈತ: ತೂಗಿಲ್ರಿ ಸರ್. ಅದ್ರಾಗ ಎರಡು ಮೊನ್ನೆನ ಸಾರಿನ ಗಡಗಿಯೊಳಗ ಹೋದ್ವು.