ರಕ್ಷಾಪುಟ, ಮುಖಪುಟ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಮ್ಮ ಸಂಘದ ವಾರ್ಷಿಕ ಸಂಚಿಕೆ ಅಚ್ಚಿಗೆ ಹೋಗುತ್ತಿದೆ. ಈ ಸಲ ಒಂದು ಪದದಿಂದ ಸಣ್ಣ ಜಗಳವೇ ಆಯಿತು. ಜಾಹೀರಾತು ದರಪಟ್ಟಿಯಲ್ಲಿ ನಾನು ಸುಮ್ನೆ ‘ರಕ್ಷಾಪುಟ, ಬಣ್ಣದಲ್ಲಿ’ ಎಂದು ಬರೆದಿದ್ದೆ. ಬಟ್ಟೆ ಅಂಗಡಿಯವರೊಬ್ಬರು ಹಣ ಕೊಟ್ಟರು. ಪ್ರೂಫ್ ತೋರಿಸಿದರೆ ಅವರ ಜಾಹೀರಾತು ಹಿಂಬದಿಯಲ್ಲಿತ್ತು. “ರಕ್ಷಾಪುಟ ಅಂದ್ರೆ ಮುಂದಿನ ಪುಟ ಅಲ್ವಾ ಸರ್?” ಎಂದರು.

ಅವರದ್ದು ತಪ್ಪಲ್ಲ. ಒಂದು ಪುಸ್ತಕದಲ್ಲಿ ‘ಮುಖಪುಟ ವಿನ್ಯಾಸ’ ಎಂದಿರುತ್ತದೆ, ಇನ್ನೊಂದರಲ್ಲಿ ‘ರಕ್ಷಾಪುಟ ವಿನ್ಯಾಸ’. ನಾವೂ ಎರಡನ್ನೂ ಒಂದೇ ಎಂದು ಓದಿಕೊಳ್ಳುತ್ತೇವೆ. ನನ್ನ ಪ್ರಕಾರ ಒಂದಲ್ಲ. ಹೊದಿಕೆಯ ಹಾಳೆಯನ್ನು ಮಡಚಿದರೆ ನಾಲ್ಕು ಪುಟ. ನಾಲ್ಕೂ ಸೇರಿ ಒಳಗಿನದನ್ನು ಕಾಯುತ್ತವೆ, ಅದಕ್ಕೇ ರಕ್ಷಾಪುಟ. ಅದರಲ್ಲಿ ಮೊದಲನೆಯದು ಮಾತ್ರ ಮುಖ. ಪತ್ರಿಕೆಗಳು ‘ಮುಖಪುಟ ಲೇಖನ’ ಎನ್ನುತ್ತವೆ, ‘ರಕ್ಷಾಪುಟ ಲೇಖನ’ ಎನ್ನುವುದಿಲ್ಲ. ದಿನಪತ್ರಿಕೆಗೆ ಹೊದಿಕೆಯೇ ಇಲ್ಲ, ಆದರೂ ಅದರ ಮೊದಲ ಪುಟ ಮುಖಪುಟ. ವೆಬ್‌ಸೈಟಿನದ್ದೂ ಅಷ್ಟೇ. ಹಾಗಾಗಿ ದರಪಟ್ಟಿಯಲ್ಲಿ ಈಗ ‘ಹಿಂಬದಿ ರಕ್ಷಾಪುಟ’ ಎಂದು ಬಿಡಿಸಿ ಬರೆದಿದ್ದೇನೆ. ಇದು ಸರಿಯೇ?

ಇನ್ನು ಪರಿವಿಡಿ. ಪ್ರೆಸ್ಸಿನ ಡಿಟಿಪಿ ಹುಡುಗ ಅದನ್ನು ‘ಇಂಡೆಕ್ಸ್’ ಎನ್ನುತ್ತಾನೆ. ಇಂಡೆಕ್ಸ್ ಅಂದರೆ ಪುಸ್ತಕದ ಕೊನೆಗೆ ಅಕಾರಾದಿಯಾಗಿ ಬರುವ ಪದಸೂಚಿ ಎಂದು ಹೇಳಿ ತಿದ್ದಿಸಿದೆ. ಪರಿವಿಡಿ ನನಗೆ ತುಂಬಾ ಇಷ್ಟದ ಪದ. ಹಳಗನ್ನಡದ ಕಾಲದಿಂದಲೂ ಅದಕ್ಕೆ ಕ್ರಮ ಎಂಬ ಅರ್ಥ ಇದೆ. ಆದರೆ ಈಗಿನ ಎಷ್ಟೋ ನಿಯತಕಾಲಿಕಗಳು ಪರಿವಿಡಿಯಲ್ಲಿ ಪುಟದ ಕ್ರಮವನ್ನೇ ಹಿಡಿಯುವುದಿಲ್ಲ. ಮುಖಪುಟ ಲೇಖನ ಮೊದಲು, ಆಮೇಲೆ ಕಥೆಗಳು ಒಂದು ಗುಂಪು, ಅಂಕಣಗಳು ಇನ್ನೊಂದು ಗುಂಪು. ಪುಟಸಂಖ್ಯೆ 24, 8, 41 ಎಂದು ಹಿಂದೆ ಮುಂದೆ ಓಡುತ್ತದೆ. ನಮ್ಮದೂ ಹಾಗೇ ಆಗಿದೆ. ಕ್ರಮವೇ ಇಲ್ಲದ್ದನ್ನು ಪರಿವಿಡಿ ಎನ್ನಬಹುದೇ? ‘ವಿಷಯಸೂಚಿ’ ಹಾಕೋಣ ಅಂದರೆ ಮನಸ್ಸು ಒಪ್ಪುತ್ತಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಮುಖಪುಟದ ಚಿತ್ರದ ಪಕ್ಕದಲ್ಲಿ, ಒಳಗೇನಿದೆ ಎಂದು ಆಸೆ ಹುಟ್ಟಿಸುವ ಎರಡು ಮೂರು ಸಾಲು ಇರುತ್ತವಲ್ಲ, ಇಂಗ್ಲಿಷಿನ ‘ಕವರ್ ಲೈನ್’, ಅದಕ್ಕೆ ಕನ್ನಡದಲ್ಲಿ ಏನಂತೀರಿ? ಇದು ಪರಿವಿಡಿ ಅಲ್ಲ. ರೀಡರ್ಸ್ ಡೈಜೆಸ್ಟ್ 1998ರವರೆಗೂ ಇಡೀ ಪರಿವಿಡಿಯನ್ನೇ ಮುಖಪುಟದ ಮೇಲೆ ಹಾಕುತ್ತಿತ್ತು, ಅದು ಬೇರೆ ರೀತಿ. ಇಲ್ಲಿರುವುದು ಆಯ್ದ ಸಾಲು ಮಾತ್ರ. ಪ್ರೆಸ್ಸಿನಲ್ಲಿ ‘ಮೇಲಿನ ಲೈನು’ ಎನ್ನುತ್ತಾರೆ. ಬೆನ್ನಿಗೆ ಬೆನ್ನುಡಿ ಇರುವಂತೆ ಮುಖಕ್ಕೆ ‘ಮೊಗನುಡಿ’ ಎನ್ನೋಣವೆಂದರೆ ಓದುಗರು ಮುನ್ನುಡಿ ಎಂದುಕೊಂಡಾರು. ಒಳಗಿನಿಂದ ಹೊರಗೆ ಇಣುಕುವ ಸಾಲು ಎಂಬ ಅರ್ಥದಲ್ಲಿ ‘ಇಣುಕುಸಾಲು’ ಎಂದು ನಾನೇ ಕಟ್ಟಿಕೊಂಡಿದ್ದೇನೆ. ಸಂಪಾದಕೀಯದಲ್ಲಿ ಈ ಪದ ಬಳಸುವ ಆಸೆ ಇದೆ. ಕಿವಿಗೆ ಒಪ್ಪುತ್ತದೆಯೇ? ನಿಮ್ಮ ಊರಿನ ಪ್ರೆಸ್ಸುಗಳಲ್ಲಿ ಮೊದಲೇ ಬಳಕೆಯಲ್ಲಿರುವ ಪದ ಇದ್ದರೆ ಅದನ್ನೇ ತೆಗೆದುಕೊಳ್ಳುತ್ತೇನೆ.