ಮಾರುತ್ ರೆಸಿನ್ ಕಿಟ್‌ಗೆ ಇಷ್ಟು ದುಡ್ಡು ಕೊಡಬಹುದಾ?

ಫಿಟ್ಟರ್ ಮಗ:
ಎಲ್ರಿಗೂ ನಮಸ್ಕಾರ. ನಾನು 1/72 ಸ್ಕೇಲಲ್ಲಿ, ಅಂದ್ರೆ ನಿಜದ್ದಕ್ಕಿಂತ 72 ಪಟ್ಟು ಚಿಕ್ಕದಾಗಿ, ನಮ್ಮ ಏರ್‌ಫೋರ್ಸ್ ವಿಮಾನದ ಮಾಡೆಲ್ ಮಾತ್ರ ಕೂಡಿಸೋನು, ಮಿಗ್-21, ಹಂಟರ್, ನ್ಯಾಟ್, ಕ್ಯಾನ್‌ಬೆರಾ ಎಲ್ಲಾ ಬೀರುವಲ್ಲಿ ಬಂದು ಕೂತಿವೆ, ಎಚ್‌ಎಎಲ್ ಕಟ್ಟಿದ ಫೈಟರ್ ಜೆಟ್ ಎಚ್‌ಎಫ್-24 ಮಾರುತ್ ಒಂದೇ ಇಲ್ಲ. ನಮ್ಮಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ರು, ಮಾರುತ್ ಮೇಲೆ ಕೈಯಾರೆ ಕೆಲಸ ಮಾಡಿದೋರು, ಅದಕ್ಕೇ ಅದು ಬೇಕೇ ಬೇಕು. ಈಗ ಮನೇಲೇ ರೆಸಿನ್ (ಅಚ್ಚಿಗೆ ಹೊಯ್ದ್ರೆ ಗಟ್ಟಿಯಾಗೋ ದ್ರವ) ಎರಕ ಹೊಯ್ದು ಕಿಟ್ ಮಾಡೋ ಒಬ್ರು ಸಿಕ್ಕಿದಾರೆ, ಆರೂವರೆ ಸಾವಿರ, ಅದೂ ಮೂರು ತಿಂಗಳು ಕಾಯ್ಬೇಕಂತೆ. ಇನ್ನೊಂದು ಕಡೆ ಎರಡೂವರೆ ಸಾವಿರಕ್ಕೇ ಇದೆ, ಫೋಟೋ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ. ಯಾವ್ದು ತಗೊಳ್ಳಲಿ?

ಸ್ಕೇಲ್72:
ಒಂದೇ ಥರ ಕಾಣೋದಲ್ಲ ಸರ್, ಒಂದೇ ಫೋಟೋ ಅದು. ಎರಡೂವರೆ ಸಾವಿರದ್ದು ರೀಕಾಸ್ಟ್, ಅಂದ್ರೆ ಆ ಆರೂವರೆ ಸಾವಿರದೋರ ಕಿಟ್ ಒಂದು ತಗೊಂಡು ಅದರ ಮೇಲೇ ಅಚ್ಚು ತೆಗೆದು ಮಾರೋದು. ರೆಸಿನ್ ಗಟ್ಟಿಯಾಗ್ತಾ ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಕಾಪಿ ಒರಿಜಿನಲ್‌ಗಿಂತ ಚಿಕ್ಕದು, ಪ್ಯಾನೆಲ್ ಗೆರೆ ಮಸುಕು, ಗಾಳಿಗುಳ್ಳೆ ಬೇರೆ. ನಾನು ಒಂದ್ಸಲ ಗೊತ್ತಿಲ್ಲದೆ ತಗೊಂಡು ಎರಡು ರೆಕ್ಕೆ ಫ್ಯೂಸಲಾಜ್‌ಗೆ (ವಿಮಾನದ ಒಡಲಿಗೆ) ಕೂರದೇ ವಾರಗಟ್ಟಲೆ ಪುಟ್ಟಿ ಹಚ್ಚಿದೀನಿ.

ರೇಟ್ ಯಾಕೆ ಜಾಸ್ತಿ ಅಂದ್ರೆ, ದೊಡ್ಡ ಕಂಪನಿ ಸ್ಟೀಲ್ ಅಚ್ಚಿಗೆ ಲಕ್ಷಾಂತರ ಸುರಿದು ಸಾವಿರಾರು ಡಬ್ಬಿ ಮಾರಿ ವಾಪಸ್ ತೆಗೀತಾರೆ. ಮನೇಲಿ ಮಾಡೋರದ್ದು ಸಿಲಿಕೋನ್ ರಬ್ಬರ್ ಅಚ್ಚು, ಕೆಲವು ಡಜನ್ ಸಲ ಹೊಯ್ಯೋಷ್ಟರಲ್ಲಿ ಹರಿಯೋಕೆ ಶುರು, ಮತ್ತೆ ಹೊಸದು ಮಾಡ್ಬೇಕು. ಅಚ್ಚು ತೆಗೆಯೋ ಮೂಲ ಮಾದರಿ, ಅಂದ್ರೆ ಮಾಸ್ಟರ್ ಕೆತ್ತೋಕೆ ಹೋದ ತಿಂಗಳುಗಳ ಕೂಲಿನೂ ಆ ಕೆಲವೇ ಕಿಟ್‌ಗಳಿಂದಲೇ ಹುಟ್ಟಬೇಕು. ರೀಕಾಸ್ಟ್ ಮಾರೋನು ಆ ಕೂಲಿನೇ ಕದಿಯೋದು, ಅವರು ಬೇಸತ್ತು ನಿಲ್ಲಿಸಿದ್ರೆ ಮುಂದಿನ ವಿಮಾನ ಬರೋದೇ ಇಲ್ಲ.

ಕಸ್ತೂರಬಾ ರೋಡ್:
ಇನ್ನೊಂದು ಮಾತು. ಮಾರುತ್ ಡಿಸೈನ್ ಮಾಡಿದ ಕುರ್ಟ್ ಟ್ಯಾಂಕ್ ಅವರೇ ಜರ್ಮನಿಲಿ ಎರಡನೇ ಮಹಾಯುದ್ಧದ ಫೈಟರ್ ಫೋಕೆ-ವುಲ್ಫ್ 190 ಮಾಡಿದ್ದು. ಆ ವಿಮಾನದ ಕಿಟ್ ತಮಿಯಾ, ಹಸೆಗಾವಾ, ಏರ್‌ಫಿಕ್ಸ್, ಎಡುವಾರ್ಡ್ ಥರದ ಕಿಟ್ ಕಂಪನಿಗಳೆಲ್ಲಾ ಮಾಡಿದಾವೆ, ಆದ್ರೆ ಬೆಂಗಳೂರಲ್ಲಿ 1961ರ ಜೂನ್ 17ಕ್ಕೆ ಮೊದಲ ಸಲ ಹಾರಿದ್ದು ಬೇಕು ಅಂದ್ರೆ ಇಂಥ ಒಂಟಿ ಕೈಗಳನ್ನೇ ಹುಡುಕಬೇಕು. ಒಟ್ಟು ಕಟ್ಟಿದ್ದೇ 147, ಬೇರೆ ಯಾವ ದೇಶದ ಏರ್‌ಫೋರ್ಸೂ ಸೇವೆಗೆ ತಗೊಂಡಿಲ್ಲ, ದೊಡ್ಡ ಕಂಪನಿಗೆ ಅದರಲ್ಲಿ ಮಾರ್ಕೆಟ್ ಕಾಣಲ್ಲ. ಹಾಗಂತ ಎಡುವಾರ್ಡ್ ಕೂಡ ಹುಟ್ಟಿದಾಗ ದೊಡ್ಡದೇನಲ್ಲ, 1989ರಲ್ಲಿ ಚೆಕ್‌ನಲ್ಲಿ ಸಣ್ಣದಾಗಿ ಶುರುವಾದದ್ದು.

ಮೊದಲು ಕಸ್ತೂರಬಾ ರೋಡ್ ಮ್ಯೂಸಿಯಂ ಮುಂದೆ ನಿಂತಿರೋ ಮಾರುತ್‌ನ ಸುತ್ತಾಕಿ ಫೋಟೋ ತೆಗೀರಿ, ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲೂ ಇದೆ. ಏರ್ ಇಂಟೇಕು, ಲ್ಯಾಂಡಿಂಗ್ ಗೇರ್ ಹತ್ತಿರದಿಂದ ತೆಗೆದು ಕಿಟ್ ಮಾಡೋರಿಗೂ ಕಳ್ಸಿ, ದುಡ್ಡಿನಷ್ಟೇ ಸಹಾಯ ಅದು.

ಸೊಟ್ಟ ರೆಕ್ಕೆ:
ನಾನು ಸ್ವಲ್ಪ ಬೇರೆ ಹೇಳ್ತೀನಿ. ಸಣ್ಣೋರು ಅಂತ ಕಣ್ಮುಚ್ಚಿ ಪೂರ್ತಿ ದುಡ್ಡು ಕೊಡ್ಬೇಡಿ. ಬಿಡಿ ಭಾಗಗಳ ಫೋಟೋ ಕೇಳಿ, ಲ್ಯಾಂಡಿಂಗ್ ಗೇರ್ ಕಾಲು ಲೋಹದ್ದಾ ನೋಡಿ, ಯಾಕಂದ್ರೆ ಗಟ್ಟಿ ರೆಸಿನ್ ಭಾರಕ್ಕೆ ರೆಸಿನ್ ಕಾಲು ಕಾಲಕ್ರಮೇಣ ಬಗ್ಗುತ್ತೆ. ಬಂದ ಮೇಲೆ ಸೋಪ್ ನೀರಲ್ಲಿ ತೊಳೀರಿ, ಸೊಟ್ಟ ಆಗಿದ್ರೆ ಬಿಸಿನೀರಲ್ಲಿ ಅದ್ದಿ ನೇರ ಮಾಡ್ಕೊಳ್ಳಿ, ಪ್ಲಾಸ್ಟಿಕ್ ಕಿಟ್‌ಗೆ ಹಚ್ಚೋ ಪ್ಲಾಸ್ಟಿಕ್ ಸಿಮೆಂಟ್ ಅಂಟು ಇದಕ್ಕೆ ಹಿಡಿಯಲ್ಲ, ಸೂಪರ್ ಗ್ಲೂ ಬೇಕು. ಉಜ್ಜುವಾಗ ನೀರು ಹಾಕ್ಕೊಂಡು, ಮಾಸ್ಕ್ ಹಾಕ್ಕೊಂಡು ಉಜ್ಜಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ತಪ್ಪು ಕಂಡ್ರೆ ಕಿಟ್ ಮಾಡೋರಿಗೇ ನೇರ ಬರೀರಿ.

ಫಿಟ್ಟರ್ ಮಗ:
ತುಂಬಾ ಥ್ಯಾಂಕ್ಸ್. ಭಾಗಗಳ ಫೋಟೋ ಕೇಳಿದೆ, ಅವತ್ತೇ ಕಳಿಸಿದ್ರು, ಕಾಲು ವೈಟ್ ಮೆಟಲ್. ಅರ್ಧ ಅಡ್ವಾನ್ಸ್ ಹಾಕಿದೀನಿ. ಡಿಕಾಲಲ್ಲಿ (ವಿಮಾನದ ಮೇಲೆ ಅಂಟಿಸೋ ಗುರುತುಗಳಲ್ಲಿ) 10 ಮತ್ತೆ 220 ಸ್ಕ್ವಾಡ್ರನ್ ಎರಡೂ ಇದೆಯಂತೆ, ಯಾವ್ದು ಹಾಕ್ಬೇಕು ಅಂತ ಅಪ್ಪನ್ನೇ ಕೇಳ್ತೀನಿ. ಭಾನುವಾರ ಅವರನ್ನೂ ಕರ್ಕೊಂಡು ಮ್ಯೂಸಿಯಂಗೆ ಹೋಗ್ತಾ ಇದೀವಿ.